ಇಪ್ಪತ್ತು ವರ್ಷದ ಬ್ಯಾಕ್‌ಲಾಗ್

ಜನವರಿ 20, 2025, ಸೋಮವಾರ. ಮಧ್ಯಾಹ್ನ 3

ಬೆಳಗ್ಗೆಯಿಂದ ನಾನೂರು ಪುಟ ಜೆರಾಕ್ಸ್. ಟೋನರ್ ಮುಗಿಯುತ್ತಾ ಬಂದಿದೆ, ಕರಿ ಗೆರೆ ಬೀಳುತ್ತಿದೆ. ಹುಡುಗರು ತಲೆ ಕೆಡಿಸಿಕೊಳ್ಳುವುದಿಲ್ಲ. ಅಸೈನ್‌ಮೆಂಟಿಗೆ ಪುಟ ತುಂಬಿದರೆ ಸಾಕು.

ಕೌಂಟರಿನ ಆಚೆ ದಿನವಿಡೀ ಒಂದೇ ಮಾತು. "ಎಷ್ಟ್ ಬ್ಯಾಕು ಮಗಾ?" "ಮೂರು ಗುರು. ನಿಂದು?" ಸಂತೆಯಲ್ಲಿ ಬದನೆಕಾಯಿ ರೇಟು ಕೇಳಿದ ಹಾಗೆ. ಬ್ಯಾಕು ಎಂದರೆ ಬ್ಯಾಕ್‌ಲಾಗ್, ಫೇಲಾಗಿ ಬಾಕಿ ಉಳಿದ ಸಬ್ಜೆಕ್ಟು. ನಮ್ಮ ಸೋಲದೇವನಹಳ್ಳಿಯಲ್ಲಿ ಕಾಲೇಜಿಗಿಂತ ಬ್ಯಾಕು ಜಾಸ್ತಿ.

ನಾಗಲಿಂಗಪ್ಪನವರು ಬಂದರು. ಎದುರಿನ ಕಾಲೇಜಿನ ಆಫೀಸಿನಲ್ಲಿ ಕ್ಲರ್ಕು, ಮನೆ ನಮ್ಮ ಬೀದಿಯ ಕೊನೆ. ಒಂದು ನೋಟಿಸ್ ಕೊಟ್ಟು "ನಲವತ್ತು ಕಾಪಿ ತೆಗಿಯಮ್ಮ" ಎಂದರು. ಯೂನಿವರ್ಸಿಟಿಯದು. ಕೋರ್ಸಿನ ಅವಧಿ ಮೀರಿದ ಹಳೇ ವಿದ್ಯಾರ್ಥಿಗಳು ಬಾಕಿ ಸಬ್ಜೆಕ್ಟು ಬರೆಯಲು ವಿಶೇಷ ಅವಕಾಶ. ಒಂದೇ ಸಲ. ಮತ್ತೆ ಇಲ್ಲ.

ನಲವತ್ತೊಂದು ತೆಗೆದೆ.

ಜನವರಿ 21, ಮಂಗಳವಾರ. ಬೆಳಗ್ಗೆ 5.30

ಇಲ್ಲಿ ಬಿಟ್ಟು ಬೇರೆಲ್ಲೂ ಹೇಳುವ ಹಾಗಿಲ್ಲ. ನಾನು ಇಂಜಿನಿಯರ್ ಅಲ್ಲ.

2005ರಲ್ಲಿ ಮಾವ ಮುನಿಗಂಗಪ್ಪನವರು ಲಗ್ನಪತ್ರಿಕೆಯಲ್ಲಿ 'ತೇಜಸ್ವಿನಿ, ಬಿ.ಇ.' ಎಂದು ಹಾಕಿಸಿದರು. ಕೊನೆಯ ಪರೀಕ್ಷೆ ಬರೆದಿದ್ದೆ, ರಿಸಲ್ಟ್ ಬಂದಿರಲಿಲ್ಲ. ಬಂದೇ ಬರುತ್ತದಲ್ಲ ಎಂದರು. ಬಂತು, ಮದುವೆಯಾಗಿ ಇಪ್ಪತ್ತನೇ ದಿನಕ್ಕೆ. ಎಲ್ಲ ಪಾಸು, ಎಂ-ಫೋರ್ ಒಂದು ಬಿಟ್ಟು. ನಾಲ್ಕನೇ ಸೆಮಿಸ್ಟರಿನ ಮ್ಯಾಥ್ಸು. ಬೇಕಾದದ್ದು ಮೂವತ್ತೈದು, ಬಂದದ್ದು ಮೂವತ್ಮೂರು. ಅದೂ ಮೂರನೇ ಪ್ರಯತ್ನ.

"ರಿಸಲ್ಟ್ ಬಂತಾ?" ಎಂದರು ನನ್ನ ಗಂಡ ರಘು. "ಬಂತು" ಎಂದೆ. ಬಂದದ್ದಂತೂ ನಿಜ.

ಮುಂದಿನ ಸಲ ಬರೆದು ಮುಗಿಸೋಣ ಎಂದುಕೊಂಡೆ... ಅಷ್ಟರಲ್ಲಿ ಮೋನಿಷಾ ಹೊಟ್ಟೆಯಲ್ಲಿ. ಆಮೇಲೆ ಅವಧಿ ಮೀರಿತು. ಆಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಈ ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದಿಂದ ಊರಿಗೆಲ್ಲ 'ಇಂಜಿನಿಯರ್ ಸೊಸೆ'. ಯಾರ ಮನೆಯ ಫ್ಯಾನು ನಿಂತರೂ ಅತ್ತೆ ನನ್ನ ಹೆಸರು ಹೇಳುತ್ತಾರೆ. ನಾನು ಒಂದು ಸುಳ್ಳೂ ಆಡಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ. ಅದಕ್ಕೇ ಇಷ್ಟು ಭಾರ.

ಈಗ ಮೋನಿಷಾನೂ ಇಂಜಿನಿಯರಿಂಗ್ ಮೊದಲ ವರ್ಷ. ಅವಳು ಪುಸ್ತಕ ಮುಟ್ಟದಿದ್ದರೆ ಅತ್ತೆಯ ಮಾತು ರೆಡಿ: "ನಿಮ್ಮಮ್ಮ ಒಂದೇ ಏಟ್ಗೆ ಪಾಸ್ ಮಾಡಿದ್ಲು ಕಣೇ." ಆಗೆಲ್ಲ ನಾನು ಒಲೆ ಕಡೆ ತಿರುಗುತ್ತೇನೆ.

ಜನವರಿ 27, ಸೋಮವಾರ

ಅರ್ಜಿ ಹಾಕಿದೆ. ಹಾಕಿಬಿಟ್ಟೆ!

ಹಳೇ ಮಾರ್ಕ್ಸ್ ಕಾರ್ಡು ಕೈಗಿಟ್ಟಾಗ ನಾಗಲಿಂಗಪ್ಪನವರು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ. "ಒಂದು ಬ್ಯಾಕ್‌ಲಾಗ್ ಇದೆ ಸಾರ್. ಯಾರಿಗೂ ಗೊತ್ತಿಲ್ಲ."

"ಅದಕ್ಕ್ಯಾಕಮ್ಮ ತಲೆ ತಗ್ಗಿಸ್ತೀಯಾ? ನಂದೂ ಬ್ಯಾಕ್‌ಲಾಗೇ" ಎಂದರು. ಅವರ ಹುದ್ದೆಯ ಹೆಸರೇ ಅದು, ಬ್ಯಾಕ್‌ಲಾಗ್ ಹುದ್ದೆ. "ನಮ್ಮೋರಿಗೆ ಅಂತ ಮೀಸಲಿಟ್ಟಿದ್ದು, ಹದಿನಾಲ್ಕು ವರ್ಷ ತುಂಬಿರ್ಲೇ ಇಲ್ಲ. ಕುರ್ಚಿ ಕಾಯ್ತಾ ಇತ್ತು. ನಾನ್ ಬಂದ್ ಕೂತೆ. ಬ್ಯಾಕ್‌ಲಾಗ್‌ನಲ್ಲಿ ಬಂದೋನು ಅಂತ ಹಿಂದೆ ಆಡ್ಕೊಂಡ್ರು. ನಾನ್ ಮುಂದೇನೇ ಹೇಳ್ತೀನಿ, ಹೌದು ಕಣ್ರೀ, ಬ್ಯಾಕ್‌ಲಾಗೇ ಅಂತ."

ಅದೇ ಪದ. ಅವರ ಬಾಯಲ್ಲಿ ಎದೆ ಉಬ್ಬಿಸಿಕೊಂಡು ಬಂತು. ನನ್ನ ಬಾಯಲ್ಲಿ ಪಿಸುಗುಟ್ಟಿತ್ತು.

ಫೆಬ್ರವರಿ 5, ಬುಧವಾರ

ಓದಲು ಕೂತೆ. ಹದಿನೈದು ನಿಮಿಷಕ್ಕೆ ಓದು ಬಿಟ್ಟು ಫೋನು ಹಿಡಿದೆ. ಓದು ತಪ್ಪಿಸಿಕೊಳ್ಳಲು ದಾರಿ ಹುಡುಕುವುದರಲ್ಲಿ ನಾನು ಮೊದಲಿಂದಲೂ ರ‍್ಯಾಂಕು. ಆದರೆ ಇವತ್ತು ಸಿಕ್ಕಿದ್ದು ಭೇಷಾಗಿತ್ತು. 'ಬ್ಯಾಕ್‌ಲಾಗ್' ಎಂಬ ಪದದ ಜಾತಕ.

ಮುನ್ನೂರು ವರ್ಷಕ್ಕೂ ಹಿಂದೆ ಅದು ಬರೀ ಕಟ್ಟಿಗೆ. ಒಲೆಯ ಹಿಂಭಾಗದಲ್ಲಿ ಇಡುವ ದಪ್ಪ ಕೊರಡು. ಮುಂದಿನ ಸಣ್ಣ ಸೌದೆ ಧಗಧಗ ಉರಿದು ಮುಗಿದರೂ ಹಿಂದಿನದು ನಿಧಾನಕ್ಕೆ ಉರಿಯುತ್ತಾ ಬೆಂಕಿ ಕಾಯುತ್ತದೆ. ಆಮೇಲೆ ಆ ಪದ ಮನೆ ಬಿಟ್ಟು ಹೊರಟಿತು. ಮುಂದಕ್ಕೆ ಇರಲಿ ಎಂದು ಕೂಡಿಟ್ಟದ್ದಕ್ಕೆಲ್ಲ ಬ್ಯಾಕ್‌ಲಾಗ್ ಎಂದರು. ಆಗಲೂ ಒಳ್ಳೆಯ ಮಾತೇ. ಆಮೇಲೆ ಕಾರ್ಖಾನೆ ಕಾಲ. ಕೈಯಲ್ಲಿರುವ, ಇನ್ನೂ ಪೂರೈಸದ ಆರ್ಡರು. ಅಲ್ಲಿಂದ ಜಾರಿತು... ಮಾಡದೇ ಉಳಿದ ಕೆಲಸ. ಆಮೇಲೆ ತುಂಬದ ಹುದ್ದೆ. ಕೊನೆಗೆ ನಮ್ಮ ಹೆಸರಘಟ್ಟ ರೋಡಿಗೆ ಬರುವಷ್ಟರಲ್ಲಿ ಫೇಲಾದ ಸಬ್ಜೆಕ್ಟು, ಅದೂ ಬಾಲ ಕತ್ತರಿಸಿಕೊಂಡು ಬರೀ 'ಬ್ಯಾಕು'.

ಮನುಷ್ಯರಿಗೆ ಮಾತ್ರ ಅಲ್ಲ, ಪದಗಳಿಗೂ ದೆಸೆ ತಿರುಗುತ್ತದೆ.

ಹಿತ್ತಲಿಗೆ ಹೋದೆ. ಅತ್ತೆ ಸೊಣ್ಣಮ್ಮ ನೀರೊಲೆ ಮುಂದೆ ಕೂತಿದ್ದರು. ಮನೆಗೆ ಸೋಲಾರ್ ಹಾಕಿಸಿ ಆರು ವರ್ಷವಾಯಿತು. ಅವರಿಗೆ ಹಂಡೆಯ ನೀರೇ ಆಗಬೇಕು. ಒಲೆಯ ಹಿಂದೆ ಹುಣಸೆ ಬೊಡ್ಡೆ.

"ಅದ್ಯಾಕತ್ತೆ ಅಷ್ಟು ದಪ್ಪದ್ದು ಹಿಂದಕ್ಕೆ ಇಡ್ತೀರಾ?"

"ಇಲ್ದಿದ್ರೆ ಬೆಂಕಿ ನಿಲ್ಲಾಕಿಲ್ಲ. ಇಂಜಿನಿಯರ್ ಆಗಿ ಇಷ್ಟೂ ತಿಳ್ಯಾಕಿಲ್ವಾ?"

ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು ಅತ್ತೆ. ಓದಲು ಕೂತೆ. ಈ ಸಲ ಎರಡು ಗಂಟೆ.

ಫೆಬ್ರವರಿ 24, ಸೋಮವಾರ

ಲೆಕ್ಕ ಮಾಡುವುದು ಅಂಗಡಿಯಲ್ಲೇ. ಕೆಟ್ಟ ಜೆರಾಕ್ಸ್ ಹಾಳೆಗಳ ಹಿಂಬದಿ ಖಾಲಿ ಇರುತ್ತದಲ್ಲ, ಅದರ ಮೇಲೆ. ಗಿರಾಕಿ ಬಂದರೆ ಪಕ್ಕಕ್ಕೆ ತಳ್ಳುತ್ತೇನೆ. ಸಿ-ಆರ್ ಈಕ್ವೇಷನ್ ಎಂಬ ಲೆಕ್ಕ ಸತಾಯಿಸುತ್ತಿದೆ, ಎಡ ಬಲ ಎರಡೂ ಸಮ ಬರಬೇಕು. ಎಡಗಡೆ ಒಂದು ಬರುತ್ತೆ, ಬಲಗಡೆ ಇನ್ನೊಂದು. ಹತ್ತು ಸಲ ಮಾಡಿದೆ, ಹತ್ತು ಸಲವೂ ಅದೇ ತಪ್ಪು. ತಪ್ಪಿನಲ್ಲಾದರೂ ಗಟ್ಟಿಯಾಗಿದ್ದೇನೆ.

ಮೋನಿಷಾ ನಾಲ್ಕು ದಿನದಿಂದ ಸಪ್ಪಗಿದ್ದಾಳೆ. ಕೇಳಿದರೆ "ಏನಿಲ್ಲ ಬಿಡಮ್ಮ."

ಮಾರ್ಚ್ 6, ಗುರುವಾರ. ಸಂಜೆ

ನೆನೆದರೆ ಅಳು ಬರುತ್ತಿದೆ. ನಗುವೂ ಬರುತ್ತಿದೆ.

ನಾಲ್ಕನೇ ಸೆಮಿಸ್ಟರಿನ ಭಾಗ್ಯಶ್ರೀ ಬಿರುಗಾಳಿಯ ಹಾಗೆ ಬಂದಳು. ಹೋದ ವಾರ ಅವಳ ಮ್ಯಾಥ್ಸ್ ಅಸೈನ್‌ಮೆಂಟಿಗೆ ಸ್ಪೈರಲ್ ಬೈಂಡಿಂಗ್ ಮಾಡಿಕೊಟ್ಟಿದ್ದೆ.

"ಆಂಟೀ, ಇದ್ಯಾವ ಶೀಟ್ ಆಂಟಿ ಮಧ್ಯದಲ್ಲಿ? ಇದು ನನ್ ಹ್ಯಾಂಡ್‌ರೈಟಿಂಗೇ ಅಲ್ಲ! ಮ್ಯಾಮ್ ಕರೆಕ್ಷನ್ ಬೇರೆ ಮಾಡವ್ರೆ!"

ನನ್ನ ಹಾಳೆ. ಸಿ-ಆರ್ ಈಕ್ವೇಷನ್. ಅವಳ ಪುಟಗಳ ನಡುವೆ ಸೇರಿಸಿ ತೂತು ಹೊಡೆದು ಬೈಂಡ್ ಮಾಡಿದ್ದೇನೆ. ಎರಡನೇ ಸಾಲಿನಲ್ಲಿ ಕೆಂಪು ಸುತ್ತು: 'ಮೈನಸ್ ಎಲ್ಲಿ?' ಕೆಳಗೆ ಹತ್ತಕ್ಕೆ ಏಳು.

ಅಯ್ಯೋ ದೇವರೇ, ಮೈನಸ್! ಒಂದು ತಿಂಗಳಿಂದ ನಾನು ಹುಡುಕುತ್ತಿದ್ದದ್ದು ಅದೇ. ಒಂದು ಕ್ಷಣ ಭಾಗ್ಯಶ್ರೀ ಎದುರಿಗಿದ್ದಾಳೆ ಎಂಬುದೂ ಮರೆತೆ. ಹಿಂದಿನಿಂದ ಮೋನಿಷಾಳ ದನಿ.

"ಅಮ್ಮಾ... ಇದು ನಿನ್ ಅಕ್ಷರ."

ಭಾಗ್ಯಶ್ರೀಗೆ ಹೊಸ ಬೈಂಡಿಂಗ್ ಮಾಡಿಕೊಟ್ಟು ಕಳಿಸಿದೆ. ಷಟರ್ ಅರ್ಧ ಎಳೆದೆ. ಮಗಳಿಗೆ ಎಲ್ಲ ಹೇಳಿದೆ. ಲಗ್ನಪತ್ರಿಕೆ, ಮೂವತ್ಮೂರು, ನೋಟಿಸು. ಬೈಯುತ್ತಾಳೆ ಎಂದುಕೊಂಡೆ. ಅವಳು ಸ್ಟೂಲಿನ ಮೇಲೆ ಕೂತು ಗೊಳೋ ಎಂದು ಅತ್ತಳು.

"ನಂಗೂ ಬ್ಯಾಕ್ ಬಂದಿದೆ. ಎಂ-ಒನ್. ನೀನ್ ಒಂದೇ ಏಟ್ಗೆ ಪಾಸಾಗಿದ್ದೆ ಅಂತ ಅಜ್ಜಿ ದಿನಾ ಹೇಳ್ತಾರೆ. ನಂಗಾಗಲ್ಲ, ಕಾಲೇಜ್ ಬಿಟ್ಬಿಡೋಣ ಅನ್ಕೊಂಡಿದ್ದೆ."

ನಾನು ಬಾಯಿ ಮುಚ್ಚಿಕೊಂಡದ್ದು ಇಲ್ಲಿಯವರೆಗೆ ಬಂದಿತ್ತು. ಅವಳ ಪಕ್ಕ ಕೂತೆ. ಒಲೆ, ಕೊರಡು, ಬೆಂಕಿ, ಆ ಪದದ ಕತೆ ಎಲ್ಲ ಹೇಳಲು ಶುರುಮಾಡಿದೆ.

ಮೂಗೊರೆಸಿಕೊಂಡು ಅಂದಳು, "ಅಮ್ಮಾ, ಮೋಟಿವೇಷನ್ ಬೇಡ. ಮೆಥಡ್ ಹೇಳು."

ಇಬ್ಬರೂ ನಕ್ಕೆವು.

ಮಾರ್ಚ್ 9, ಭಾನುವಾರ

ರಘು ಅವರ ಅಕ್ಕನ ಮಗನ ಮದುವೆ ಪತ್ರಿಕೆಯ ಪ್ರೂಫ್ ನೋಡಲು ನನಗೇ ಕೊಟ್ಟಿದ್ದರು. 'ಶ್ರೀಮತಿ ತೇಜಸ್ವಿನಿ, ಬಿ.ಇ.' ಕೆಂಪು ಪೆನ್ನು ತೆಗೆದು ಬಿ.ಇ. ಹೊಡೆದುಹಾಕಿದೆ.

"ಇದ್ಯಾಕೆ ಹೊಡೆದೆ?" ಎಂದರು ರಘು. ಅತ್ತೆಯೂ ಅಲ್ಲೇ ಕೂತಿದ್ದರು. ಹೇಳಿದೆ. ತನ್ನ ಬ್ಯಾಕಿನ ವಿಷಯ ಮೋನಿಷಾ ತಾನೇ ಹೇಳಿದಳು.

ರಘು ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು. ಅವರು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು. ಕೇಳಿದ್ದು ಇಷ್ಟೇ: "ಮತ್ತೆ ಅಷ್ಟೊಂದ್ ಪ್ಯಾನಲ್ ಬೋರ್ಡ್‌ಗೆ ನಿನ್ನ ಕೇಳಿ ವೈರಿಂಗ್ ಮಾಡಿದ್ನಲ್ಲೇ?"

"ಒಂದಾದ್ರೂ ಸುಟ್ಟೋಯ್ತಾ?"

"...ಇಲ್ಲ."

ನೋವಾಗಿದೆ ಅವರಿಗೆ. ಅಂಗಿ ಹಾಕಿಕೊಂಡು ಹೊರಗೆ ಹೋದರು. ಸಂಜೆ ಬರುವಾಗ ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ತಂದು ಟೇಬಲ್ ಮೇಲಿಟ್ಟರು. ನನಗೆ ಕಣ್ಣು ತುಂಬಿತು.

ಅತ್ತೆ ಮಾತ್ರ ಕರಗಲಿಲ್ಲ. "ಊರ್ಗೆಲ್ಲ ಏಳಿವ್ನಿ. ಯಲಹಂಕದಾಗೆ ನನ್ ತಂಗಿ ಮುನಿಯಲ್ಲಮ್ಮಂಗೆ ಇಪ್ಪತ್ ವರ್ಸದಿಂದ ಏಳ್ತಾನೇ ಇವ್ನಿ. ಇವಾಗ ಮಕ ಎಲ್ಲಿಕ್ಲಿ? ಪಾಸಾದ್ರೂ ಯಾರ್ಗೂ ಏಳ್‌ಬ್ಯಾಡ. ಅವಾಗ್ಲೇ ಆಗಿತ್ತು ಅಂತ್ಲೇ ಇರ್ಲಿ."

ಸರಿ ಎಂದೆ. ಆ ಒಂದು ಸುಳ್ಳು ಅವರಿಗೆ ಬೇಕಿದ್ದರೆ ಇಟ್ಟುಕೊಳ್ಳಲಿ.

ಏಪ್ರಿಲ್ 3, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಮೂರು ಗಂಟೆಯಿಂದ ಐದರವರೆಗೆ ತಾಯಿ ಮಗಳು ಕೌಂಟರಿನ ಹಿಂದೆ. ಅವಳದು ಎಂ-ಒನ್, ನನ್ನದು ಎಂ-ಫೋರ್. ಅವಳಿಗೆ ವಿಡಿಯೋ ಹುಡುಕುವುದು ಗೊತ್ತು, ನನಗೆ ಕೂರುವುದು ಗೊತ್ತು.

ಗಿರಾಕಿಗಳಿಗೂ ಗೊತ್ತಾಗಿಹೋಗಿದೆ. ಒಬ್ಬ ಕೇಳಿದ, "ಆಂಟಿ, ನಿಮ್ಗೆಷ್ಟು ಬ್ಯಾಕು?"

"ಒಂದೇ. ಆದ್ರೆ ನೀನ್ ಹುಟ್ಟೋಕ್ ಮುಂಚಿಂದು."

"ಸೂಪರ್ ಸೀನಿಯರ್!" ಎಂದು ಕೈ ಮುಗಿದ. ತಲೆ ತಗ್ಗಿಸಲಿಲ್ಲ ನಾನು. ಅತ್ತೆಗೆ ಕೊಟ್ಟ ಮಾತು ಊರಿನವರ ಲೆಕ್ಕಕ್ಕೆ, ಕಾಲೇಜು ಹುಡುಗರ ಲೆಕ್ಕಕ್ಕಲ್ಲ; ಜೋರಾಗಿಯೇ ಹೇಳಿದ್ದೆ. ಹೇಳಿ ಸುಖವೂ ಪಟ್ಟೆ.

ಅತ್ತೆಯ ಮುನಿಸು ಇನ್ನೂ ಮುಗಿದಿಲ್ಲ. ಆದರೆ ಮೋನಿಷಾಗೆ 'ನಿಮ್ಮಮ್ಮ ಒಂದೇ ಏಟ್ಗೆ' ಎನ್ನುವುದು ನಿಂತಿದೆ. ನಿನ್ನೆ ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಮೆಲ್ಲಗೆ ಕೇಳುತ್ತಿದ್ದರು, "ನಾನಂಗ್ ಅಂದಿದ್ಕೇ ಕಾಲೇಜ್ ಬಿಡ್ತೀನಿ ಅಂದ್ಯಾ ಮಗಾ?"

ಏಪ್ರಿಲ್ 22, ಮಂಗಳವಾರ. ಮಧ್ಯಾಹ್ನ 2

ಬರೆದೆ!

ಪರೀಕ್ಷೆಯ ಹಾಲ್‌ನಲ್ಲಿ ಮೂವತ್ತು ಜನ. ತಲೆ ನೆರೆತವರು, ಸೊಂಟಕ್ಕೆ ಕಂಪನಿ ಐಡಿ ನೇತುಹಾಕಿಕೊಂಡವರು. ನನ್ನ ಮುಂದಿನ ಬೆಂಚಿನ ನೂರ್‌ಜಹಾನ್ ಎಂಬವರು ಆರ್.ಟಿ. ನಗರದಿಂದ ಬಂದಿದ್ದರು. ನನಗಿಂತ ದೊಡ್ಡವರು. "ಮೊಮ್ಮಗು ನೋಡ್ಕೊಳೋಕೆ ಸೊಸೆಗೆ ಹೇಳ್ಬಂದೆ ಕಣ್ರೀ" ಎಂದರು. ಇಡೀ ಹಾಲ್ ನಕ್ಕಿತು. ಇನ್ವಿಜಿಲೇಟರ್ ನಮ್ಮೆಲ್ಲರಿಗಿಂತ ಚಿಕ್ಕ ಹುಡುಗಿ, ನಮ್ಮನ್ನು ಗದರಿಸಲು ಅವಳಿಗೇ ಸಂಕೋಚ.

ಮೂರನೇ ಪ್ರಶ್ನೆ ಸಿ-ಆರ್ ಈಕ್ವೇಷನ್. ಎರಡನೇ ಸಾಲಿಗೆ ಬಂದೆ. ನಿಂತೆ. ಮೈನಸ್ ಹಾಕಿದೆ. ಎಡ ಬಲ ಎರಡೂ ಕೂಡಿಬಂದವು. ಪೆನ್ನು ಕೆಳಗಿಟ್ಟು ಒಂದು ಸಲ ಉಸಿರು ಬಿಟ್ಟೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೊನೆಯ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಇವತ್ತು ಬೆಲ್ ಹೊಡೆದ ಮೇಲೂ ಆ ಹುಡುಗಿ ನನ್ನ ಕೈಯಿಂದ ಹಾಳೆ ಕಿತ್ತುಕೊಳ್ಳಬೇಕಾಯಿತು.

ಜೂನ್ 12, ಗುರುವಾರ. ಬೆಳಗ್ಗೆ 11.10

ಅರವತ್ತೆರಡು.

ಇನ್ನೊಂದು ಸಲ ಬರೆಯುತ್ತೇನೆ. ಅರವತ್ತೆರಡು. ಮೂವತ್ತೈದು ಸಾಕಿತ್ತು!

ನಾಗಲಿಂಗಪ್ಪನವರು ಪ್ರಿಂಟೌಟ್ ಹಿಡಿದು ರೋಡು ದಾಟಿ ಓಡಿಬಂದರು. ಜೆರಾಕ್ಸ್ ಅಂಗಡಿಗೆ ಪ್ರಿಂಟೌಟ್ ತಂದುಕೊಟ್ಟ ಮೊದಲ ಮನುಷ್ಯ. "ಕುರ್ಚಿ ತುಂಬಿತು ಕಣಮ್ಮ!" ಎಂದರು, ಕಣ್ಣಲ್ಲಿ ನೀರು. ಮೋನಿಷಾ ನನ್ನನ್ನು ಎತ್ತಿ ತಿರುಗಿಸಿದಳು. ಅಷ್ಟು ಬಲ ಎಲ್ಲಿತ್ತೋ. "ನಂದು ಮುಂದಿನ್ ತಿಂಗ್ಳು, ನೋಡ್ತಿರು" ಎಂದಳು. ಕಾಲೇಜು ಬಿಡುವ ಮಾತು ಯಾವ ಬಾಯಲ್ಲಿ ಬಂದಿತ್ತೋ ಅದೇ ಬಾಯಿ. ರಘು ಎಲ್ಲಿಯೋ ಕೆಂಪಾಪುರದಲ್ಲಿ ಮೋಟಾರು ಇಳಿಸುತ್ತಿದ್ದರಂತೆ, ಅಲ್ಲಿದ್ದವರಿಗೆಲ್ಲ ಸ್ವೀಟು ಹೇಳಿದ್ದಾರೆ. ಹುಡುಗರು ಅಂಗಡಿ ಮುಂದೆ ನಿಂತು ಶಿಳ್ಳೆ.

ಅತ್ತೆಗೆ ಹೇಳಲು ಹೋದೆ. ಪ್ರಿಂಟೌಟ್ ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಓದಲು ಬಾರದು. "ಇದ್ರಾಗೆ ನಿನ್ನೆಸ್ರು ಎಲ್ಲೈತೆ?" ತೋರಿಸಿದೆ. ಅದರ ಮೇಲೆ ಬೆರಳಾಡಿಸಿದರು. ಹಾಳೆ ಹಿಡಿದೇ ಒಳಗೆ ಹೋದರು. ಪರವಾಗಿಲ್ಲ ಎಂದುಕೊಂಡೆ. ಕೊಟ್ಟ ಮಾತು ಕೊಟ್ಟದ್ದೇ, ನಾನಾಗಿ ಊರಿನವರಿಗೆ, ನೆಂಟರಿಗೆ ಹೇಳುವುದಿಲ್ಲ. ಬರೆಯಲು ಇಲ್ಲಿ ಬಂದು ಕೂತೆ.

ಒಳಗಿನಿಂದ ಅವರ ದನಿ. ಫೋನಿನಲ್ಲಿ. ಯಲಹಂಕಕ್ಕೆ ಫೋನೇ ಬೇಡ, ಹಾಗೇ ಕೇಳಿಸುವಷ್ಟು ಜೋರು.

"ಮುನಿಯಲ್ಲಮ್ಮಾ, ನನ್ ಸೊಸೆ ಇಂಜಿನಿಯರ್ ಆದ್ಲು ಕಣೇ! ...ಊಂ, ಇವತ್ತು. ಇವತ್ತೇ! ...ಅಲ್ಲ ಕಣೇ, ಅವಾಗ ನಾನ್ ಏಳಿದ್ದು ಸುಳ್ಳು. ಇದು ನಿಜ. ಅರವತ್ತೆರಡು ತೆಗ್ದವ್ಳೆ, ಈ ವಯಸ್ನಾಗೆ! ನಿನ್ ಸೊಸೆ ತೆಗೀತಾಳೇನೇ—"

ಅಯ್ಯಯ್ಯೋ. ಫೋನು ಕಿತ್ತುಕೊಳ್ಳಬೇಕು. ಬೇಡ, ಇನ್ನೊಂದು ಸಲ ಹೇಳಲಿ, ಆಮೇಲೆ...