ನಾಲ್ಕನೇ ಲೈನಿನ ಹೆಂಗಸು

ಮಾರ್ಚ್ ೧೧, ಮಂಗಳವಾರ

ಆ ನಾಲ್ಕನೇ ಲೈನಿನ ಹೆಂಗಸು ತಲೆಯಿಂದ ಹೋಗುತ್ತಿಲ್ಲ.

ಬೆಳಿಗ್ಗೆ ರೇಡಿಯೋದಲ್ಲಿ ಚರ್ಚೆಯಿತ್ತು. ದೋಣಿಯಲ್ಲಿ ಬಂದು ಆಶ್ರಯ ಕೇಳುವವರನ್ನು ಒಳಗೆ ಬಿಡಬೇಕೋ, ಸಮುದ್ರದಲ್ಲೇ ತಿರುಗಿಸಿ ಕಳಿಸಬೇಕೋ ಅಂತ. ಕೇಳುಗರ ಫೋನು ಎತ್ತಿ, ಹಾಳೆಯಲ್ಲಿ ‘ಪರ’ ಅಥವಾ ‘ವಿರೋಧ’ ಎಂದು ಬರೆದುಕೊಂಡು, ಈ ಕಡೆಯವರೊಬ್ಬರು, ಆ ಕಡೆಯವರೊಬ್ಬರು ಎಂಬಂತೆ ಸರದಿಯಲ್ಲಿ ನಿರೂಪಕರಿಗೆ ದಾಟಿಸುವುದು ನನ್ನ ಕೆಲಸ. ಯಾರ ಮಾತನ್ನೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹಚ್ಚಿಕೊಂಡಿದ್ದರೆ ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ.

“ಪರಾನಾ, ವಿರೋಧಾನಾ?” ಎಂದು ನಾಲ್ಕನೇ ಲೈನಿನವಳನ್ನೂ ಕೇಳಿದೆ.

“ನಾನೇ ದೋಣೀಲಿ ಬಂದವಳಮ್ಮ.”

“ಸರಿ. ಯಾವ ಕಡೆ ಅಂತ ಬರ್ಕೊಳ್ಲಿ?”

“ಕಡೆ ಗಿಡೆ ಗೊತ್ತಿಲ್ಲ. ಅಲ್ಲಿ ಏನಾಯ್ತು ಅಂತ ಹೇಳ್ಬೇಕಿತ್ತು, ಅಷ್ಟೆ.”

“ಲೈನಲ್ಲೇ ಇರಿ” ಎಂದೆ. ಹಾಳೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ಬೇರೆ ಲೈನುಗಳಲ್ಲಿ ಜನ ಬಂದರು, ಕೂಗಾಡಿದರು, ಹೋದರು. ಸಮುದ್ರವನ್ನೇ ನೋಡಿಲ್ಲ ಎಂದವನೊಬ್ಬ ನಾಲ್ಕು ನಿಮಿಷ ಮಾತಾಡಿದ. ಕಾರ್ಯಕ್ರಮ ಮುಗಿದಾಗಲೂ ನಾಲ್ಕನೇ ಲೈನಿನ ದೀಪ ಮಿನುಗುತ್ತಲೇ ಇತ್ತು. ನಲವತ್ತು ನಿಮಿಷ ಕಾದಿದ್ದಳು. ಗುಂಡಿ ಒತ್ತಿ ಲೈನ್ ಕಡಿದುಹಾಕಿದೆ.

ಹನ್ನೊಂದು ಪರ, ಹನ್ನೊಂದು ವಿರೋಧ. ಹಾಳೆ ನೋಡಿದ ಸಾಹೇಬರು, “ತಕ್ಕಡಿ ಹಿಡಿದ ಹಾಗಿದೆ” ಎಂದು ಹೊಗಳಿದರು. ಖುಷಿಯೂ ಆಯಿತು. ಸುಳ್ಳೇಕೆ ಹೇಳಲಿ.

ಸುಳ್ಳು ಹೇಳಿದ್ದು ಊಟಕ್ಕೆ ಕೂತಾಗ.

“ಜಗಳ ಜೋರಾಗಿತ್ತು ಕಣೇ” ಎಂದಳು ಅಕ್ಕ. “ಆದ್ರೆ ದೋಣೀಲಿ ಬಂದೋರು ಒಬ್ರೂ ಫೋನ್ ಮಾಡ್ಲಿಲ್ವಾ?”

ತಟ್ಟೆಯಿಂದ ಕಣ್ಣೆತ್ತದೆ, “ಇಲ್ಲ” ಎಂದೆ.

“ಮಾತಾಡೋಕೆ ಭಯ ಇರ್ಬೇಕು, ಪಾಪ.”

ಹೂಂಗುಟ್ಟಿದೆ.