ಫ್ರಿಜ್ಜಿನೊಳಗಿನ ಹೇಝಲ್‌ನಟ್ ಗಿಡ

ಅಬುಧಾಬಿ
ಫೆಬ್ರವರಿ 2016

ಪಕ್ಕದ ಕೋಣೆಯ ಸಿಪ್ರಿಯನ್ ಅಂಕಲ್,

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮೇಲೆ ನನಗೆ ಸಿಟ್ಟಿದೆ. ಆರು ತಿಂಗಳಿನಿಂದ ಇದೆ. ನೀವು ತೀರಿಹೋದದ್ದಕ್ಕಲ್ಲ, ಅದಕ್ಕೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ಅದಕ್ಕೆ ಎರಡು ದಿನ ಮೊದಲು ಫೋನಿನಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದಿರಿ. ನಾನು ಉತ್ತರ ಕೊಟ್ಟೆ. ನೀವು ಬೈಯದೆ ಫೋನ್ ಇಟ್ಟಿರಿ. ಸಿಟ್ಟು ಅದಕ್ಕೆ.

ನಾನು ಶಾಲೆ ಬಿಟ್ಟ ವಾರ ನಿಮಗೆ ನೆನಪಿರಬಹುದು. ಕೋಣೆಗೊಂದು ಸಂಸಾರವಿರುವ ನಮ್ಮ ವಿಲ್ಲಾದಲ್ಲಿ ನಿಮ್ಮನ್ನು ಬಿಟ್ಟು ಎಲ್ಲರೂ ನನಗೆ ಬುದ್ಧಿ ಹೇಳಿ ಮುಗಿಸಿದ್ದರು. ನೀವು ಹೋಟೆಲಿನ ಡ್ಯೂಟಿ ಮುಗಿಸಿ ಬಂದು, ಅಡುಗೆಮನೆ ಕಿಟಕಿಯ ಹೊರಗಿನ ಆ ಹತ್ತಡಿ ಮರಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಿರಿ. ಮಗನೇ ಎಂದು ನಿಮ್ಮ ಕೊಂಕಣಿಯಲ್ಲಿ ಕರೆದಿರಿ.

"ಎಂತ ಪುತಾ, ಶಾಲೆ ಬಿಟ್ಟೆಯಂತೆ?"

"ಹೌದು."

"ಯಾಕೆ?"

"ಲ್ಯಾಬಲ್ಲಿ ಮಾಡದ ಪ್ರಯೋಗದ ರೀಡಿಂಗ್ ಬರಿಲಿಕ್ಕೆ ಹೇಳಿದ್ರು. ನೋಡದ್ದನ್ನು ನೋಡಿದೆ ಅಂತ ನಾನು ಬರಿಲಿಲ್ಲ. ಮತ್ತೆ ಜಗಳ ಆಯ್ತು."

"ಹಾಗಾದ್ರೆ ಈಗ ಫ್ರೀ ಇದ್ದಿ. ಬಾ, ಈ ಬಕೆಟಿಗೆ ಮಣ್ಣು ತುಂಬ್ಸು."

ಬುದ್ಧಿ ಹೇಳದೆ ಕೆಲಸ ಹೇಳಿದವರು ನೀವೊಬ್ಬರೇ. ಆದರೆ ನಿಜ ಹೇಳಬೇಕಲ್ಲ: ಲ್ಯಾಬಿನ ಜಗಳ ಒಂದು ಕಾರಣ ಮಾತ್ರ. ಒಂದೇ ಬೆಂಚಿನಲ್ಲಿ ಆರು ಗಂಟೆ ಕೂರುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಅದನ್ನು ನಿಮಗೆ ಆಮೇಲೆ ಹೇಳಿದ್ದೆ. "ನಂಗೂ ಆಗ್ಲಿಲ್ಲ, ಅದಕ್ಕೇ ಕೇಕ್ ಮಾಡ್ತಾ ಇದ್ದೇನೆ" ಅಂದಿದ್ದಿರಿ.

ಆ ಬಕೆಟಿನಲ್ಲಿ ನೀವು ಮೊದಲು ಊರಿದ್ದು ಏನು? ಅಂಗಡಿಯಿಂದ ತಂದ ಒಂದು ಮುಷ್ಟಿ ಹೇಝಲ್‌ನಟ್. ಉಳಿದ ಒಂದನ್ನು ನಾನು ಬಾಯಿಗೆ ಹಾಕಿ ಅಗಿದು, "ಅಂಕಲ್, ಇದು ಹುರಿದದ್ದು" ಅಂದೆ. ಇಪ್ಪತ್ತೆರಡು ವರ್ಷ ಹೋಟೆಲಿನ ಪೇಸ್ಟ್ರಿ ವಿಭಾಗದಲ್ಲಿ ಅದನ್ನೇ ಹುರಿದು, ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆದು, ಅರೆದು ಚಾಕೊಲೇಟಿಗೆ ಬೆರೆಸಿದವರು ನೀವು. ನಿಮಗೆ ಗೊತ್ತಾಗಲಿಲ್ಲವೇ? "ಗೊತ್ತುಂಟು, ಪರೀಕ್ಷೆ ಮಾಡಿದ್ದು" ಅಂದಿರಿ. ಪರೀಕ್ಷೆ ಎರಡು ತಿಂಗಳು ನಡೆಯಿತು. ದಿನಾ ನೀರು ಹಾಕಿದವನು ನಾನು.

ಇದರ ಹುಚ್ಚು ಹತ್ತಿದ್ದು ಹೇಗೆಂದು ಒಂದು ಶುಕ್ರವಾರ ಚಹಾ ಕುಡಿಯುತ್ತಾ ಹೇಳಿದಿರಿ. ಹೋಟೆಲಿನ ಬಫೆಯಲ್ಲಿ ಯಾವುದೋ ಮಗು, ಈ ಬೀಜ ಎಲ್ಲಿ ಬೆಳೆಯುತ್ತದೆ ಎಂದು ಕೇಳಿತಂತೆ. ನೆಲಗಡಲೆಯ ಹಾಗೆ ಮಣ್ಣಿನ ಕೆಳಗೆ ಎಂದಿರಂತೆ. ಪಕ್ಕದಲ್ಲಿದ್ದ ಟರ್ಕಿಯ ಬೇಕರಿಯವನು ಬಿದ್ದು ಬಿದ್ದು ನಕ್ಕನಂತೆ. ಅವನ ಊರಿನ ಗುಡ್ಡಗಳಲ್ಲಿ ಅದು ತಾನಾಗಿ ಪೊದೆಪೊದೆಯಾಗಿ ಬೆಳೆಯುತ್ತದಂತೆ, ಬೇಲಿಗೂ ಅದೇ ಅಂತೆ. ಹುರಿದ ಬೀಜದ ಕತೆ ಕೇಳಿ ಅವನಿಗೇ ಪಾಪ ಅನ್ನಿಸಿರಬೇಕು. ರಜೆಯಿಂದ ಬರುವಾಗ, ತನ್ನ ಮನೆಯ ಪೊದೆಯ ಬುಡದಿಂದ ಬೇರುಸಮೇತ ಕಿತ್ತ ಒಂದು ಮರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟು ತಂದುಕೊಟ್ಟ. ಮೊಣಕಾಲೆತ್ತರದ ಕಡ್ಡಿ. ನೀವು ಅದನ್ನು ನಾಮಕರಣದ ಮಗುವಿನ ಹಾಗೆ ಕೋಣೆಕೋಣೆಗೆ ಹಿಡಿದುಕೊಂಡು ಹೋಗಿ ತೋರಿಸಿದಿರಿ. ಆ ಮೂಲೆಯಲ್ಲಿ ಬಸಳೆ ಚಪ್ಪರ ಹಾಕಬೇಕೆಂದಿದ್ದ ನನ್ನ ಅಮ್ಮ ಮಾತ್ರ ನೋಡಲು ಏಳಲಿಲ್ಲ.

ಫ್ರಿಜ್ಜು ಬಂದ ದಿನ ಅಮ್ಮ ನಕ್ಕದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟ ಸಂಸಾರವೊಂದು ಬಿಟ್ಟುಹೋದ ಫ್ರಿಜ್ಜು. ಆ ಗಿಡಕ್ಕೆ ವರ್ಷಕ್ಕೆರಡು ತಿಂಗಳು ಗಟ್ಟಿ ಚಳಿ ಬೇಕು, ಇಲ್ಲದಿದ್ದರೆ ಚಿಗುರುವುದಿಲ್ಲ ಎಂದು ಟರ್ಕಿಯವನು ಹೇಳಿದ್ದನಲ್ಲ? ನಮ್ಮ ಜನವರಿಯಲ್ಲಿ ಸ್ವೆಟರೇ ಬೇಡ. ನೀವು ಫ್ರಿಜ್ಜಿನ ಹಲಗೆಗಳನ್ನೆಲ್ಲ ಕಿತ್ತು, ಅಡುಗೆಮನೆ ಕಿಟಕಿಯಿಂದ ವೈರು ಎಳೆದು, ಡಿಸೆಂಬರಿನಲ್ಲಿ ಎಲೆ ಉದುರಿಸಿ ಬಕೆಟ್ ಸಮೇತ ಗಿಡವನ್ನು ಒಳಗಿಟ್ಟು ಬಾಗಿಲು ಮುಚ್ಚಿದಿರಿ.

"ಮನುಷ್ಯರಿಗೆ ಹಿಟ್ಟು ಇಡ್ಲಿಕ್ಕೆ ಫ್ರಿಜ್ಜಲ್ಲಿ ಜಾಗ ಇಲ್ಲ. ಇವರದ್ದು ಗಿಡಕ್ಕೆ ಬೇರೆಯೇ ಫ್ರಿಜ್ಜು."

"ಹಿಟ್ಟಿಗೆ ಜಾಗ ಉಂಟು ಅಕ್ಕ, ಗಿಡದ ಪಕ್ಕ ಇಡಿ. ಅದು ದೋಸೆ ತಿನ್ನುದಿಲ್ಲ."

ಫೆಬ್ರವರಿಯಲ್ಲಿ ಹೊರಗೆ ತೆಗೆದಾಗ ನಿಜಕ್ಕೂ ಚಿಗುರಿತು. ದುಂಡಗಿನ, ಅಂಚು ಗರಗಸದಂಥ, ಮುಟ್ಟಿದರೆ ಮೆತ್ತಗಿನ ಎಲೆ. ನೀವು ಹೋಟೆಲಿನಿಂದ ಒಂದು ದಿನ ರಜೆ ಹಾಕಿ ಅದನ್ನು ನೋಡುತ್ತಾ ಕೂತಿರಿ. ನನಗೆ ಬೇಸರ ಬಂದು ಸೈಕಲ್ ಹತ್ತಿ ಹೋದೆ.

ಎರಡು ಸಲ ಹೀಗೆ ಚಳಿಗಾಲ ದಾಟಿಸಿದ ಮೇಲೆ, ಕಳೆದ ಆಗಸ್ಟಿನಲ್ಲಿ ನೀವು ಊರಿಗೆ ಹೊರಟಿರಿ. ಟ್ಯಾಕ್ಸಿ ಬಾಗಿಲಲ್ಲಿ ನಿಂತಿದ್ದರೂ ನನಗೆ ಮತ್ತದೇ ಪಾಠ. ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರು ಕುದಿಯುತ್ತದೆ, ಹೊರಗಿನ ಪೈಪಿನ ನೀರು ಗಿಡಕ್ಕೆ ಬೇಡ. ಬಾತ್‌ರೂಮಿನ ಗೀಸರ್ ಆಫ್ ಇರುತ್ತದೆ, ಅದರಲ್ಲಿ ನಿಂತ ನೀರು ತಣ್ಣಗಿರುತ್ತದೆ, ಅದನ್ನು ಬಕೆಟಿನಲ್ಲಿ ಹಿಡಿದು, ಸಂಜೆ ಹಾಕಬೇಕು. "ಗೊತ್ತುಂಟು ಅಂಕಲ್, ಯಲ್ಲಾ, ಬೇಗ ಹೊರಡಿ, ಫ್ಲೈಟ್ ತಪ್ತದೆ" ಅಂದೆ. ಹನ್ನೊಂದು ದಿನ ಹಾಗೆಯೇ ಮಾಡಿದೆ. ಹನ್ನೆರಡನೆಯ ದಿನ ಮಧ್ಯಾಹ್ನ ಗೆಳೆಯರು ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಿದ್ದರು. ಪೈಪು ಕೈಗೆ ಹತ್ತಿರ ಇತ್ತು. ಮಣ್ಣಿನಿಂದ ಹಬೆ ಎದ್ದದ್ದನ್ನು ನೋಡಿದೆ. ನೋಡಿಯೂ ಹೋದೆ. ನಾಲ್ಕೇ ದಿನದಲ್ಲಿ ಎಲೆಯೆಲ್ಲ ಹಪ್ಪಳದ ಹಾಗೆ ಮುರಿದು ಉದುರಿತು.

ಆ ಹೊತ್ತಿಗೆ ನೀವು ಎದೆನೋವೆಂದು ಊರಿನ ಆಸ್ಪತ್ರೆ ಸೇರಿದ್ದಿರಿ. ಅಲ್ಲಿಂದ ಅಮ್ಮನ ಫೋನಿಗೆ ಕರೆ ಮಾಡಿ, ನನಗೆ ಕೊಡಲು ಹೇಳಿದಿರಿ. ಅಮ್ಮ ಎದುರಿಗೇ ನಿಂತು, ಸರಿ ಉಂಟು ಅಂತ ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು.

"ಗಿಡ ಹೇಗುಂಟು ಪುತಾ?"

"ಸತ್ತಿತು ಅಂಕಲ್. ನಾನು ಪೈಪಿನ ನೀರು ಹಾಕಿದೆ."

"ಎಲೆ ಉದುರಿದ್ದಾ, ಸತ್ತದ್ದಾ?"

"ಸತ್ತದ್ದು."

"ಬುಡದ ಹತ್ರ ಉಗುರಲ್ಲಿ ಕೆರೆದು ನೋಡಿದ್ಯಾ? ಒಳಗೆ ಹಸಿರು ಉಂಟಾ?"

"ನೋಡಿದೆ. ಇಲ್ಲ. ಖಲಾಸ್."

"ಹಾಂ... ಆಯ್ತು. ಊಟ ಮಾಡು."

ಅಷ್ಟೇ. ಎರಡು ದಿನ ಕಳೆದು ಊರಿನ ನಿಮ್ಮ ಮನೆಯಿಂದ, ನಿಮ್ಮ ಹೆಂಡತಿ ಐರಿನ್ ಆಂಟಿಯ ಫೋನ್ ಬಂತು.

ಅಮ್ಮ ಅತ್ತು ಮುಗಿಸಿದ ಮೇಲೆ ನನ್ನ ಕಡೆ ತಿರುಗಿದರು. "ಆಸ್ಪತ್ರೆಲಿ ಮಲಗಿದವರಿಗೆ ಗಿಡ ಸರಿ ಉಂಟು ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು?" ವಾರದ ರಜೆಗೆಂದು ಗುರುವಾರ ರುವೈಸ್‌ನ ಕೆಲಸದಿಂದ ಬಂದ ಅಪ್ಪ, "ಅವರ ಹಾರ್ಟಿಗೂ ನಿನ್ನ ಗಿಡಕ್ಕೂ ಸಂಬಂಧ ಇಲ್ಲ, ಸುಮ್ಮನೆ ತಲೆ ಕೆಡಿಸ್ಬೇಡ" ಎಂದರು. ಆದರೆ ಇಬ್ಬರೂ ಒಂದು ವಿಷಯ ತಪ್ಪು ತಿಳಿದಿದ್ದರು. ನಾನು ನಿಜ ಹೇಳಿದೆ ಎಂದು ತಿಳಿದಿದ್ದರು.

ನಾನು ಬುಡದಲ್ಲಿ ಕೆರೆದು ನೋಡಿರಲಿಲ್ಲ ಅಂಕಲ್. ಮೇಲಿನ ಒಂದು ಕೊಂಬೆಯನ್ನು ನಿಂತಲ್ಲೇ ಕೆರೆದಿದ್ದೆ, ಒಳಗೆ ಕಂದು ಬಣ್ಣವಿತ್ತು. ಬುಡ ನೋಡಬೇಕಾದರೆ ಸುಡುವ ಮರಳಿನಲ್ಲಿ ಮೊಣಕಾಲೂರಬೇಕಿತ್ತು, ಮಣ್ಣು ಸರಿಸಬೇಕಿತ್ತು. ಅಷ್ಟು ಮಾಡಲು ಸೋಮಾರಿತನ. ಆದರೆ ನಾಲಿಗೆಗೆ ಸೋಮಾರಿತನ ಇರಲಿಲ್ಲ, 'ನೋಡಿದೆ' ಎಂದುಬಿಟ್ಟಿತು. ಮಾಡದ ಪ್ರಯೋಗದ ರೀಡಿಂಗ್ ಬರೆಯಲಾರೆ ಎಂದು ಶಾಲೆಯನ್ನೇ ಬಿಟ್ಟವನು, ನಿಮಗೆ ಅಂಥದ್ದೇ ಒಂದು ರೀಡಿಂಗ್ ಕೊಟ್ಟೆ. ಕೊನೆಯ ಮಾತಿನಲ್ಲಿ. ಇನ್ನು ತಿದ್ದುವುದು ಹೇಗೆ, ಯಾರ ಹತ್ತಿರ...

ಸೆಪ್ಟೆಂಬರ್ ಕೊನೆಗೆ ಅಮ್ಮ, "ಆ ಬಕೆಟ್ ಖಾಲಿ ಮಾಡಿ ಕೊಡು, ಬಸಳೆ ನೆಡ್ತೇನೆ" ಎಂದರು. ಮಣ್ಣು ಸುರಿಯಲು ಬಕೆಟನ್ನು ಓರೆ ಮಾಡಿದೆ. ಎಸಿಯಿಂದ ತೊಟ್ಟಿಕ್ಕಿದ ನೀರಿಗೆ ಒದ್ದೆಯಾಗಿದ್ದ ಬುಡದ ಮಣ್ಣು ಜಾರಿತು. ಅಲ್ಲಿ, ಒಣಗಿದ ಕಾಂಡದ ಪಕ್ಕದಲ್ಲಿ, ಬೆರಳ ತುದಿಯಷ್ಟು ದಪ್ಪದ ಒಂದು ಮೊಳಕೆ. ಕಾಂಡವನ್ನು ಉಗುರಿನಿಂದ ಕೆರೆದೆ. ಹಸಿರು. ನನಗೆ ಖುಷಿಯಾಯಿತು ಎಂದು ನೀವು ಭಾವಿಸಬೇಡಿ. ಬಕೆಟಿಗೆ ಒದೆಯುವಷ್ಟು ಸಿಟ್ಟು ಬಂತು. ಇನ್ನೊಂದು ಇಪ್ಪತ್ತು ದಿನ ಇರಬಾರದಿತ್ತೇ ನೀವು? ಅಮ್ಮ ಬಂದು ಬಗ್ಗಿ ನೋಡಿ, ಮಣ್ಣನ್ನು ಕೈಯಿಂದಲೇ ಮತ್ತೆ ತುಂಬಿಸಿದರು. ಬಸಳೆಗೆ ಬೇರೆ ಡಬ್ಬ ಹುಡುಕಿದರು.

ಐರಿನ್ ಆಂಟಿಗೆ ಹೇಳಬೇಕಿತ್ತು. ಫೋನ್ ಮಾಡಿ ಎಲ್ಲವನ್ನೂ ಹೇಳಿದೆ: ಪೈಪಿನ ನೀರು, ಮೇಲಿನ ಕೊಂಬೆ, ನೋಡದೆ ನೋಡಿದೆ ಅಂದದ್ದು. ಆಂಟಿ ನಕ್ಕರು.

"ಅವರಿಗೆ ಅವತ್ತೇ ಗೊತ್ತಿತ್ತು ಪುತಾ. ಫೋನ್ ಇಟ್ಟು ನನ್ನತ್ರ ಹೇಳಿದ್ರು, ಹುಡುಗ ಬುಡ ನೋಡ್ಲಿಲ್ಲ, ಗಿಡ ಉಂಟು, ಅವನಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ, ಕೂಡ್ಲೆ ಗೊತ್ತಾಗ್ತದೆ ಅಂತ."

ಗೊತ್ತಿದ್ದರೆ ಬೈಯಬೇಕಿತ್ತಲ್ಲ ಅಂಕಲ್? 'ಹೋಗಿ ಮೊಣಕಾಲೂರಿ ನೋಡು' ಅನ್ನಬೇಕಿತ್ತಲ್ಲ? 'ಊಟ ಮಾಡು' ಅಂದರೆ ಏನರ್ಥ? ಅಥವಾ ನನ್ನ ಸಮಾಧಾನಕ್ಕೆ ಆಂಟಿಯೇ ಕಟ್ಟಿ ಹೇಳಿದ ಮಾತೋ ಏನೋ. ಗಿಡವಾದರೆ ಉಗುರಿನಿಂದ ಕೆರೆದು ನೋಡಬಹುದು. ಇದನ್ನು ಎಲ್ಲಿ ಕೆರೆಯಲಿ?

ನಿಮ್ಮ ಕೋಣೆಗೆ ಈಗ ಬೇರೆಯವರು ಬಂದಿದ್ದಾರೆ. ಫ್ರಿಜ್ಜನ್ನು ಎಸೆಯಬೇಕೆಂದು ವಾಚ್‌ಮನ್ ಮೂರು ಸಲ ಬಂದ. ಮೂರು ಸಲವೂ ಅಮ್ಮ, "ಅದರಲ್ಲಿ ನಮ್ಮ ಸಾಮಾನು ಉಂಟು" ಎಂದು ಕಳಿಸಿದರು. ನಾನು ಗಿಡದ ಮಾರ್ಕೆಟ್ಟಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಮೊದಲ ದಿನವೇ ಗಿರಾಕಿಯೊಬ್ಬರಿಗೆ, ಈ ಗಿಡ ನಿಮ್ಮ ಬಾಲ್ಕನಿಯಲ್ಲಿ ಒಂದು ತಿಂಗಳೂ ಬದುಕುವುದಿಲ್ಲ ಎಂದು ಹೇಳಿ ಮಾಲೀಕರಿಂದ ಬೈಸಿಕೊಂಡೆ. ಇನ್ನೊಂದು ಸುದ್ದಿ ಕೇಳಿದರೆ ನೀವು ತಲೆ ಚಚ್ಚಿಕೊಳ್ಳುತ್ತೀರಿ. ಹೇಝಲ್‌ನಟ್ ಗಿಡ ಒಂದೇ ಇದ್ದರೆ ಕಾಯಿ ಬಿಡುವುದಿಲ್ಲವಂತೆ. ಗಾಳಿಯಲ್ಲಿ ಪರಾಗ ಬರಲು ಬೇರೆ ಪೊದೆಯ ಗಿಡ ಇನ್ನೊಂದು ಬೇಕಂತೆ. ನೀವು ನೂರು ವರ್ಷ ಇದ್ದು ಕಾದಿದ್ದರೂ ಒಂದು ಕಾಯಿ ಸಿಗುತ್ತಿರಲಿಲ್ಲ. ಟರ್ಕಿಯವನಿಗೆ ಅದು ತಿಳಿದಿತ್ತು, ಯಾರೂ ಕೇಳಲಿಲ್ಲ ಅದಕ್ಕೆ ಹೇಳಲಿಲ್ಲವಂತೆ. ಜೂನಿನಲ್ಲಿ ಅವನು ಊರಿಗೆ ಹೋಗುತ್ತಾನೆ. ನೆರೆಮನೆಯ ಬೇಲಿಯಿಂದ ಒಂದು ಮರಿ ತರಲು ಹೇಳಿದ್ದೇನೆ. ಎರಡು ಬಕೆಟ್ ಆ ಫ್ರಿಜ್ಜಿನಲ್ಲಿ ಹಿಡಿಯುವುದಿಲ್ಲ, ಇನ್ನೊಂದಕ್ಕೆ ಅಮ್ಮನ ಹತ್ತಿರ ನೀವೇ ಮಾತಾಡಬೇಕಿತ್ತು.

ಕಾಯಿ ಬಿಡುತ್ತದೆಂದು ಮಾತು ಕೊಡಲಾರೆ. ನನಗೆ ಗೊತ್ತಿಲ್ಲ. ಬಿಟ್ಟರೆ ಬಿಟ್ಟಿತು ಎಂದು ಬರೆಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು. ಇವತ್ತು ಬೆಳಿಗ್ಗೆ ಗಿಡವನ್ನು ಫ್ರಿಜ್ಜಿನಿಂದ ಹೊರಗೆ ತೆಗೆದು ಗೋಡೆಯ ನೆರಳಿನಲ್ಲಿ ಇಟ್ಟೆ. ಹಳೆಯ ಕಾಂಡದಲ್ಲಿ ಏಳು ಮೊಗ್ಗು, ಬುಡದ ಮರಿಯಲ್ಲಿ ಮೂರು. ಒಂದರ ತುದಿ ಬಿರಿದಿದೆ. ಮೊಣಕಾಲೂರಿ, ಮಣ್ಣು ಸರಿಸಿ, ಉಗುರಿನಿಂದ ಕೆರೆದು ನೋಡಿಯೇ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಉಗುರಲ್ಲಿ ಇನ್ನೂ ಮಣ್ಣಿದೆ.

ಹಸಿರು ಉಂಟು ಅಂಕಲ್.