ಹದಿನಾಲ್ಕು ಇನ್ನು ಬರುವುದಿಲ್ಲ

ಹುಡುಗಿಯರ ಹಾಸ್ಟೆಲ್, ಎರಡನೇ ಮಹಡಿ
ಭಾನುವಾರ, ೮ ಸೆಪ್ಟೆಂಬರ್

ಪ್ರೀತಿಯ ಅಪ್ಪಾ,

ಫೋನ್ ಇರುವಾಗ ಪತ್ರ ಯಾಕೆ ಬರೆದೆ ಅಂತ ಬಯ್ಯಬೇಡ. ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ, ತಡ ಮಾಡಿದ್ದಕ್ಕೆ ಆಮೇಲೆ. ನಿನ್ನ ಗಣಿ ಕ್ಯಾಂಪಿಗೆ ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ. ರೂಮಿನ ಮಾವಂದಿರೆಲ್ಲ "ಏನಮ್ಮಾ, ಪಾಸಾಗ್ತೀಯಾ, ಇಲ್ಲಾ ನಮ್ ಜೊತೆ ಕ್ರೇನ್ ಓಡ್ಸೋಕೆ ಬರ್ತೀಯಾ?" ಅಂತ ಶುರುಮಾಡುತ್ತಾರೆ. ಒಳ್ಳೆಯವರೇ, ಆದರೆ ಅವರ ಮುಂದೆ ಅಣ್ಣನ ವಿಷಯ ಹೇಗೆ ಎತ್ತಲಿ? ಹೋದ ವಾರ ಎತ್ತಲು ನೋಡಿದೆ, ಅಣ್ಣ ಅಂದೆ ಅಷ್ಟೇ. "ಸಿಗ್ನಲ್ ಹೋಯ್ತು ಅನ್ಸತ್ತೆ" ಅಂತ ನೀನೇ ಇಟ್ಟುಬಿಟ್ಟೆ. ಸಿಗ್ನಲ್ ಇತ್ತು ಅಪ್ಪಾ.

ವಿಷಯ ಇಷ್ಟೇ. ತಿಂಗಳ ಕೊನೆಗೆ ಅಣ್ಣನನ್ನು ಊರಾಚೆಯ ಆಶ್ರಯ ಮನೆಗೆ ಸೇರಿಸುವುದು ಅಂತ ಅಮ್ಮ ಹೇಳಿದಳು. "ನಿಮ್ಮಪ್ಪ ಹೂಂ ಅಂದ್ರೆ ಆಯ್ತು" ಅಂದಳು. ಹಾಗಾದರೆ ನೀನು ಊಹೂಂ ಅಂದರೆ ನಿಲ್ಲುತ್ತದೆ ತಾನೇ? ಅದೊಂದನ್ನು ಕೇಳುವುದಕ್ಕೇ ಈ ಪತ್ರ. ನನ್ನ ಕನ್ನಡ ನಿನಗೆ ಗೊತ್ತಲ್ಲ, ಅರ್ಧ ಇಂಗ್ಲಿಷ್. ತಪ್ಪಿದ್ದರೆ ಸಹಿಸಿಕೊಂಡು ಕೊನೆಯವರೆಗೂ ಓದು.

ನಾನು ಚೆನ್ನಾಗಿದ್ದೇನೆ, ಅಂದರೆ ಜ್ವರಗಿರ ಇಲ್ಲ. ಸೋಮವಾರ ಇಂಟರ್ನಲ್ಸ್ ಪರೀಕ್ಷೆ ಶುರು. ಪುಸ್ತಕ ತೆರೆದರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ. ರೂಮ್‌ಮೇಟ್ "ನೀನು ಟೆನ್ಷನ್ ಮಾಡ್ಕೊಳ್ಳೋದ್ರಲ್ಲೇ ಡಿಗ್ರಿ ತಗೋ, ರ‍್ಯಾಂಕ್ ಬರತ್ತೆ" ಅಂತ ರೇಗಿಸುತ್ತಾಳೆ. ಅಮ್ಮನ ಮಂಡಿನೋವು ಹಾಗೇ ಇದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊಸ ಮಷೀನ್ ಬಂದಿದೆಯಂತೆ. ಆದರೆ ಒದ್ದೆ ಚಾದರಗಳನ್ನು ಅದರ ಬಾಯಿಂದ ಎಳೆದು ತೆಗೆಯುವುದಕ್ಕೆ ಇನ್ನೂ ಅಮ್ಮನೇ ಬೇಕು.

ಬಸ್ ಕಂಪನಿಯವರು ನಂಬರುಗಳನ್ನೆಲ್ಲ ತೆಗೆದುಹಾಕಿದ್ದನ್ನು ಅಮ್ಮ ನಿನಗೆ ಎಷ್ಟರಮಟ್ಟಿಗೆ ಹೇಳಿದ್ದಾಳೋ ಗೊತ್ತಿಲ್ಲ. ಈಗ ಬಸ್ಸುಗಳಿಗೆಲ್ಲ ಹೆಸರು. ಬಣ್ಣವೂ ಒಂದೇ, ಮಾಸಿದ ನೇರಳೆ. ನಮ್ಮ ಹದಿನಾಲ್ಕು ಈಗ "ಉಲ್ಲಾಸ". ಉಳಿದವು ಚೇತನ, ಆನಂದ, ಸ್ಫೂರ್ತಿ, ಹೀಗೆ. ಮೊದಲ ದಿನ ಮನೆಗೆ ಬಂದಿದ್ದೆ, ನಾನೂ ಸ್ಟಾಪಿನಲ್ಲಿದ್ದೆ. ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು, "ಆಸ್ಪತ್ರೆಗೆ ಹೋಗೋದು ಯಾವ್ದಪ್ಪಾ?" ಅಂತ ಕೇಳಿದರು.

"ಆನಂದ ಅಜ್ಜಿ, ಆನಂದ ಹತ್ತಿ" ಅಂದ ಕಂಡಕ್ಟರ್.

"ಕಾಲು ಮುರ್ಕೊಂಡು ಹೋಗೋರಿಗೆ ಆನಂದಾನಾ? ನಿಮ್ಮ ಕಂಪ್ನಿ ಮನೆ ಹಾಳಾಗ!"

"ಸ್ಮಶಾನದ ಕಡೆ ಹೋಗೋದಕ್ಕೆ ಚೇತನ ಅಂತ ಇಟ್ಟಿದಾರೆ. ಅದಕ್ಕಿಂತ ವಾಸಿ ಅಲ್ವಾ, ಹತ್ತಿ ಬೇಗ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅಣ್ಣನ ಕಡೆ ನೋಡಿದೆ.

ಕಂಬದ ಪಕ್ಕ ತನ್ನ ಮಾಮೂಲಿ ಜಾಗದಲ್ಲಿ ನಿಂತಿದ್ದ. ಬ್ಯಾಗು ಎರಡೂ ಭುಜಕ್ಕೆ, ಅಂಗಿಯ ಗುಂಡಿ ಕತ್ತಿನವರೆಗೆ. ಉಲ್ಲಾಸ ಬಂತು, ಬಾಗಿಲು ತೆರೆಯಿತು. ಅದೇ ಮೀಸೆ ಡ್ರೈವರ್, ಇಷ್ಟು ವರ್ಷ ಅಣ್ಣನನ್ನು ರಟ್ಟಿನ ಡಬ್ಬ ಮಡಿಸುವ ವರ್ಕ್‌ಶಾಪಿನ ಎದುರಿಗೇ ಇಳಿಸುತ್ತಿದ್ದವರು. "ಬಾರೋ ರಾಜಾ, ನಾನೇ ಕಣೋ" ಅಂತ ಕರೆದರು. ಅಣ್ಣ ಅವರನ್ನು ನೋಡಿ ನಕ್ಕ. ಗುರುತು ಸಿಕ್ಕಿತ್ತು ಅಪ್ಪಾ, ಗುರುತಿನ ಸಮಸ್ಯೆಯೇ ಅಲ್ಲ. ಆಮೇಲೆ ತಲೆ ಎತ್ತಿ ಬೋರ್ಡು ನೋಡಿ, "ಹದಿನಾಲ್ಕು ಬಂದಿಲ್ಲ" ಅಂದ. ನಾನು ಕೈ ಹಿಡಿದು ಎಳೆದೆ. ಕಂಬವನ್ನು ಅಪ್ಪಿಕೊಂಡ. ಬಸ್ಸು ಹೋಯಿತು. ಅದರ ಹಿಂದಿನದೂ ಹೋಯಿತು. ನನಗೆ ಕ್ಲಾಸಿತ್ತು, ಅಮ್ಮನನ್ನು ಕೆಲಸದಿಂದ ಕರೆಸಬೇಕಾಯಿತು. ಅಮ್ಮ ಬಂದಾಗ ಬಿಸಿಲು ನೆತ್ತಿಗೆ ಏರಿತ್ತು, ಅವನು ಹಾಗೇ ನಿಂತಿದ್ದನಂತೆ.

ನಿನಗೆ ನೆನಪಿದೆಯಲ್ಲ, ಅವನು ಮನುಷ್ಯರಿಗೂ ಬಸ್ಸಿನ ನಂಬರನ್ನೇ ಇಟ್ಟುಕೊಂಡಿದ್ದ. ಕ್ಯಾಂಪಿಗೆ ಹೊರಡುವಾಗ ನೀನು ಹತ್ತುವ ಬಸ್ಸು ಮೂವತ್ತೊಂದು, ಹಾಗಾಗಿ ನೀನು ಮೂವತ್ತೊಂದು. ಬೋರ್ಡಿಂಗ್ ಶಾಲೆಗೆ ಹೊರಟ ಆರು ವರ್ಷದ ನನ್ನನ್ನು ಟ್ರಂಕಿನ ಸಮೇತ ರೈಲ್ವೆ ಸ್ಟೇಷನ್ನಿಗೆ ಒಯ್ದದ್ದು ಇಪ್ಪತ್ತೆರಡು, ನಾನು ಇಪ್ಪತ್ತೆರಡು. ಅಮ್ಮನಿಗೆ ಮಾತ್ರ ನಂಬರಿಲ್ಲ. ಅವಳು ಬಿಟ್ಟುಹೋದವಳಲ್ಲವಲ್ಲ, ಅವಳನ್ನು "ಸ್ಟಾಪು" ಅನ್ನುತ್ತಿದ್ದ. ರಜೆಗೆ ಬಂದರೆ ಬಾಗಿಲಲ್ಲೇ "ಇಪ್ಪತ್ತೆರಡು ಬಂತು, ಇಪ್ಪತ್ತೆರಡು ಬಂತು" ಅಂತ ಕುಣಿಯುತ್ತಿದ್ದ. ನನಗೆ ಮರ್ಯಾದೆ ಹೋದಂತಾಗಿ ಅಕ್ಕಪಕ್ಕದವರ ಕಿಟಕಿ ನೋಡುತ್ತಿದ್ದೆ. ಈಗ ಇಪ್ಪತ್ತೆರಡಕ್ಕೆ ಸ್ಫೂರ್ತಿ ಅಂತ ಹೆಸರು. ಹೆಸರು ಬದಲಾದ ವಾರದ ಶನಿವಾರ ಮನೆಗೆ ಹೋದಾಗ ನನ್ನ ಮುಖ ನೋಡಿದ, ಬಾಯಿ ತೆರೆದ, ಮುಚ್ಚಿದ. "ಇಪ್ಪತ್ತೆರಡು ಬಂದಿದೆ ಕಣೋ" ಅಂತ ನಾನೇ ಹೇಳಿದೆ. "ಇಪ್ಪತ್ತೆರಡು ಇಲ್ಲ" ಅಂದ. ಕೋಪವಿಲ್ಲ, ಏನಿಲ್ಲ. ಇದ್ದ ಸಂಗತಿ ಹೇಳಿದ, ಅಷ್ಟೇ. ಆಮೇಲೆ ನನ್ನನ್ನು ಯಾವ ಹೆಸರಿನಿಂದಲೂ ಕರೆದಿಲ್ಲ.

ನಾನು ಸುಮ್ಮನೆ ಕೂತಿರಲಿಲ್ಲ ಅಪ್ಪಾ. ಕಂಪನಿಯ ಆಫೀಸಿಗೆ ಹೋದೆ. ಗಾಜಿನ ಬಾಗಿಲು, ತಣ್ಣಗಿನ ಗಾಳಿ, ಗೋಡೆ ತುಂಬ ನಗುವ ಮುಖಗಳು. ಬ್ರ್ಯಾಂಡಿಂಗ್ ವಿಭಾಗದವನು ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಪಾಪ, ಕುರ್ಚಿ ಎಳೆದು ಕೂರಿಸಿ, ಪೂರ್ತಿ ಕೇಳಿಸಿಕೊಂಡ. "ನಂಬರ್ ಅಂದ್ರೆ ಕೋಲ್ಡ್ ಅನ್ಸತ್ತೆ ನೋಡಿ. ಹೆಸರಿದ್ರೆ ಜನಕ್ಕೆ ಬಸ್ ಜೊತೆ ಒಂದು ಸಂಬಂಧ ಬೆಳೆಯತ್ತೆ" ಅಂದ. "ನಮ್ಮಣ್ಣನಿಗೆ ಆಗಲೇ ಬೆಳೆದಿತ್ತು" ಅಂದೆ. ಅವನು ತಲೆ ತಗ್ಗಿಸಿ, "ಬೋರ್ಡಿನ ಮೂಲೇಲಿ ಸಣ್ಣದಾಗಿ ಹಳೇ ನಂಬರ್ ಹಾಕ್ಬಹುದಾ ಕೇಳ್ತೀನಿ" ಅಂತ ಬರೆದುಕೊಂಡ. ಹೊರಡುವಾಗ ಉಲ್ಲಾಸ ಅಂತ ಬರೆದ ಕೀಚೈನ್ ಕೊಟ್ಟ. ಎರಡು ಸಲ ಮತ್ತೆ ಹೋದೆ. ಎರಡನೇ ಸಲ ಅವನು ಬೇರೆ ವಿಭಾಗಕ್ಕೆ ಹೋಗಿದ್ದ, ಅವನ ಕುರ್ಚಿಯಲ್ಲಿದ್ದವಳಿಗೆ ಎಲ್ಲವನ್ನೂ ಮೊದಲಿಂದ ಹೇಳಬೇಕಾಯಿತು. ಅರ್ಧಕ್ಕೇ ಅತ್ತುಬಿಟ್ಟೆ.

ದಾರಿ ಕಂಡದ್ದು ಅಮ್ಮನಿಗೆ. ರಟ್ಟಿನ ಡಬ್ಬದ ಒಂದು ಮಗ್ಗುಲು ಕತ್ತರಿಸಿ, ದಪ್ಪ ಮಾರ್ಕರಿನಲ್ಲಿ ೧೪ ಅಂತ ಬರೆದು, ಮೀಸೆ ಡ್ರೈವರಿಗೆ ಕೊಟ್ಟಳು. ಅವರು ಕೂಡಲೇ ಮುಂದಿನ ಗಾಜಿಗೆ ಒರಗಿಸಿ ಇಟ್ಟುಕೊಂಡರಂತೆ. ಅಣ್ಣ ರಟ್ಟು ನೋಡಿದ, ಹತ್ತಿದ, ತನ್ನ ಸೀಟಿನಲ್ಲಿ ಕೂತ. ಅಮ್ಮ ಅವತ್ತು ಫೋನಿನಲ್ಲಿ ನಕ್ಕದ್ದನ್ನು ನೀನು ಕೇಳಬೇಕಿತ್ತು. "ಕಂಪ್ನಿಯವರಿಗೆ ಕೋಟಿ ಖರ್ಚಾಯ್ತು, ನನಗೆ ಒಂದು ರಟ್ಟು" ಅಂದಳು. ಸುಮಾರು ದಿನ ಹಾಗೇ ನಡೆಯಿತು. ನಾನು ಆ ದಿನಗಳಲ್ಲಿ ಓದಿದ್ದಷ್ಟೇ ಈ ಸೆಮಿಸ್ಟರಿನ ಓದು.

ಆಮೇಲೆ ಒಂದು ದಿನ ಬಸ್ ಕಂಪನಿಯ ಇನ್‌ಸ್ಪೆಕ್ಟರ್ ಹತ್ತಿದ, ಅದೂ ನಮ್ಮ ಸ್ಟಾಪಿನಲ್ಲೇ. "ಇದೇನ್ರೀ, ಬಸ್ಸೋ ತರಕಾರಿ ಗಾಡಿನೋ?"

"ಒಬ್ಬ ಹುಡುಗನಿಗೋಸ್ಕರ ಸಾರ್."

"ಒಬ್ಬನಿಗೋಸ್ಕರ ಕಂಪ್ನಿ ಹೆಸರು ಮುಚ್ತೀರಾ? ಮೊದ್ಲು ತೆಗೀರಿ. ಮೆಮೋ ಬರತ್ತೆ."

ಡ್ರೈವರ್ ಇದನ್ನು ಮನೆಗೆ ಬಂದು ನಿಂತುಕೊಂಡೇ ಹೇಳಿದರು, ಕೂರಲಿಲ್ಲ. ರಟ್ಟನ್ನು ಕಿಟಕಿಯಿಂದ ಅಣ್ಣನ ಕೈಗೆ ಕೊಟ್ಟು, "ತಪ್ಪು ತಿಳ್ಕೋಬೇಡ ರಾಜಾ, ಇವತ್ತು ಹಾಗೇ ಬಾ" ಅಂದರಂತೆ. ಅಣ್ಣ ಹತ್ತಲಿಲ್ಲ. ಇನ್‌ಸ್ಪೆಕ್ಟರ್ ಸೀಟಿ ಊದಿದ, ಬಸ್ಸು ಬಿಡಲೇಬೇಕಾಯಿತು. ಅಮ್ಮ ಆಗಲೇ ರಸ್ತೆ ದಾಟಿ ತನ್ನ ಬಸ್ಸಿಗೆ ಹೋಗಿದ್ದಳು. ಹಿಂದೆಯೇ ಇನ್ನೊಂದು ನೇರಳೆ ಬಸ್ಸು ಬಂದು ನಿಂತಿತು. ಅಣ್ಣ ಮುಂದೆ ಹೋಗಿ, ವೈಪರ್ ಎತ್ತಿ, ರಟ್ಟನ್ನು ಸಿಕ್ಕಿಸಿ, ಒಳಗೆ ಹತ್ತಿದ. ಅವನ ಲೆಕ್ಕದಲ್ಲಿ ತಪ್ಪೇನಿದೆ ಹೇಳು? ಹದಿನಾಲ್ಕು ಅಂತ ಎಲ್ಲಿ ಬರೆದಿದೆಯೋ ಅದೇ ಹದಿನಾಲ್ಕು. ಆ ಡ್ರೈವರ್, "ಕಂಪ್ನಿಯವರದ್ದೇ ಹೊಸಾ ಹುಚ್ಚಾಟ ಅಂದ್ಕೊಂಡೆ" ಅಂದನಂತೆ.

ಅದು ಚೇತನ. ದಿನವಿಡೀ ಆ ಬಸ್ಸು ಸ್ಮಶಾನದವರೆಗೆ ಹೋಗಿ ಬಂತು, ಹೋಗಿ ಬಂತು. ಅಣ್ಣ ಇಳಿಯಲಿಲ್ಲ. ಅವನ ಸ್ಟಾಪ್ ಬರಲೇ ಇಲ್ಲವಲ್ಲ. ತಂದ ಊಟದ ಡಬ್ಬಿಯನ್ನೂ ತೆರೆದಿರಲಿಲ್ಲ, ವರ್ಕ್‌ಶಾಪಿನಲ್ಲಿ ಮಾತ್ರ ತೆರೆಯುವುದು ಅಂತ ಅವನ ನಿಯಮ. ಸಂಜೆ ಡಿಪೋದಲ್ಲಿ ಗುಡಿಸುವವರು ಇಳಿ ಅಂದರು. "ನನ್ನ ಸ್ಟಾಪ್ ಬಂದಿಲ್ಲ" ಅಂದ. ಕಾವಲಿನವನು ರಟ್ಟೆ ಹಿಡಿದು ಎಳೆದ. ಅಣ್ಣ ಕಚ್ಚಿದ. ಅಮ್ಮ ಹುಡುಕಿಕೊಂಡು ಹೋಗುವವರೆಗೆ ಅವನ ಕೈಗಳನ್ನು ಅವನದೇ ಬ್ಯಾಗಿನ ಪಟ್ಟಿಯಿಂದ ಸೀಟಿನ ಸರಳಿಗೆ ಕಟ್ಟಿದ್ದರು. ಒದ್ದೆಯಾಗಿತ್ತು ಅಪ್ಪಾ, ಪ್ಯಾಂಟು. ಅಮ್ಮ ಇದನ್ನು ನಿನಗೆ ಹೇಳಿರುವುದಿಲ್ಲ. ಮಣಿಕಟ್ಟಿನ ಮೇಲೆ ಗೆರೆ ಇನ್ನೂ ಇದೆ.

ಆಮೇಲಿನದು ನಿನಗೆ ಗೊತ್ತು. ವರ್ಕ್‌ಶಾಪಿನವರು, ಜೊತೆಗೆ ಒಬ್ಬರು ಬಂದರೆ ಮಾತ್ರ ಕಳಿಸಿ ಅಂದರು. ಲಾಂಡ್ರಿಯ ಮೇಲ್ವಿಚಾರಕರು ಅಮ್ಮನ ಪಾಳಿ ಬದಲಾಯಿಸುವುದಿಲ್ಲ ಅಂದರು. ನಾನು ಬೆಳಗ್ಗೆ ಕರೆದೊಯ್ಯುತ್ತೇನೆ, ನಡೆದೇ ಹೋಗುತ್ತೇವೆ ಅಂದೆ. ಅಮ್ಮ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಕ್ಲಾಸು?"

"ಬಿಡ್ತೀನಿ. ಮುಂದಿನ ವರ್ಷ ಸೇರ್ಕೋತೀನಿ."

"ಅದಕ್ಕೇನಾ ನಿನ್ನ ಇಷ್ಟು ವರ್ಷ ದೂರ ಇಟ್ಟಿದ್ದು? ಆರು ವರ್ಷದ ಮಗು ನೀನು, ಹೊಂದ್ಕೊಂಡೆ. ಚೆನ್ನಾಗೇ ಬೆಳೆದೆ. ಅವನೂ ಹೊಂದ್ಕೋತಾನೆ ಬಿಡು." ಇನ್ನೊಂದು ಅಂಗಿ ಮಡಿಸಿಟ್ಟು, "ಏನೇನು ಕಟ್ಟಿ ಕಳಿಸ್ಬೇಕು ಅಂತ ನಿನಗೇ ಚೆನ್ನಾಗಿ ಗೊತ್ತು. ಅವನ ಟ್ರಂಕು ನೀನೇ ಕಟ್ಟು" ಅಂದಳು.

ನನಗೆ ಗೊತ್ತು, ನಿಜ. ಅಂಗಿಗಳ ಕಾಲರಿನ ಒಳಗೆ ಹೆಸರು ಹೊಲಿಯಬೇಕು, ಇಲ್ಲದಿದ್ದರೆ ಬೇರೆಯವರದ್ದು ಹಾಕಿಕೊಂಡು ತಿರುಗಬೇಕಾಗುತ್ತದೆ. ಸೋಪು ಕತ್ತರಿಸಿ ಕೊಡಬೇಕು, ಇಡೀ ಸೋಪು ಕೊಟ್ಟರೆ ಕಳುವಾಗುತ್ತದೆ. ದೀಪ ಬೇರೆಯವರು ಆರಿಸುತ್ತಾರೆ. ಅಳು ಬಂದರೆ ದಿಂಬಿನ ಕೆಳಗೆ ಬಾಯಿ ಇಟ್ಟುಕೊಳ್ಳುವುದನ್ನು ಕಲಿಯಬೇಕು. ಅಣ್ಣನಿಗೆ ಅದು ಬರುವುದಿಲ್ಲ. ಅವನು ಗಟ್ಟಿಯಾಗಿ ಅಳುತ್ತಾನೆ, ಮೊದಲ ವಾರ ಕನಿಕರಪಡುತ್ತಾರೆ, ಎರಡನೇ ವಾರ ಏನು ಮಾಡುತ್ತಾರೋ ಡಿಪೋದವರನ್ನು ನೋಡಿದ ಮೇಲೆ ಹೇಳಬೇಕಾಗಿಲ್ಲ. ಆರು ವರ್ಷದವಳಿಗೆ ಒಂದಲ್ಲ ಒಂದು ದಿನ ಶಾಲೆ ಮುಗಿಯುತ್ತದೆ ಅಪ್ಪಾ. ಅವನಿಗೆ ಅಲ್ಲಿ ಯಾವುದು ಮುಗಿಯಬೇಕು?

ನನ್ನ ಪ್ಲ್ಯಾನ್ ಕೇಳು. ಊರಲ್ಲೇ ಕಾಲೇಜಿದ್ದರೂ ನಾನು ಹಾಸ್ಟೆಲಿನಲ್ಲಿದ್ದೇನೆ, ಯಾಕೆ ಅಂತ ನಮ್ಮಲ್ಲಿ ಯಾರೂ ಕೇಳಲೂ ಇಲ್ಲ. ನಾನು ಮನೆಗೆ ಬರುತ್ತೇನೆ. ನಡುಮನೆಯಲ್ಲಿ ಹಾಸಿಕೊಂಡು ಮಲಗುತ್ತೇನೆ. ಮಧ್ಯಾಹ್ನದ ಬ್ಯಾಚಿಗೆ ಬದಲಾಯಿಸಬಹುದು ಅಂತ ಮೇಡಂ ಹೇಳಿದ್ದಾರೆ. ಬೆಳಗ್ಗೆ ಅವನ ಜೊತೆ ನಡೆಯುತ್ತೇನೆ, ಸಂಜೆ ಮೀಸೆ ಡ್ರೈವರ್ ತಮ್ಮ ಕೆಲಸ ಮುಗಿಸಿ ಕೈ ಹಿಡಿದು ಕರೆತರುತ್ತೇನೆ ಅಂದಿದ್ದಾರೆ. ಅಮ್ಮನಿಗೆ ಹೇಳಿದರೆ "ನಿಮ್ಮಪ್ಪನ್ನ ಕೇಳು" ಅಂತಾಳೆ. ಕೇಳುತ್ತಿದ್ದೇನೆ. ಬೇಡ ಅನ್ನು. ಈ ವರ್ಷದ ಮಟ್ಟಿಗಾದರೂ ಬೇಡ ಅನ್ನು.

ನಿನ್ನ ಬೆನ್ನುನೋವಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯಾ? ಮಾವಂದಿರಿಗೆ ನಾನು ಪಾಸಾಗುತ್ತೇನೆ ಅಂತಲೇ ಹೇಳು. ತಲೆ ಮೇಲೆ ಕೈಯಿಟ್ಟು ಹರಸುವ ಅಭ್ಯಾಸ ನಿನಗಿಲ್ಲ, ನನಗೂ ಬಗ್ಗುವ ಅಭ್ಯಾಸವಿಲ್ಲ. ಆದರೂ ಈ ಪತ್ರ ಕೈಸೇರಿದಾಗ ಒಂದು ಸಲ ನನ್ನನ್ನು ನೆನೆ. ನನಗಿಂತ ಮೊದಲು ಅಣ್ಣನನ್ನು ನೆನೆ.

ನಿನ್ನ ಮಗಳು,
ಸಣ್ಣಿ

ತಾ.ಕ.: ಮೇಲಿನದನ್ನೆಲ್ಲ ಮೊನ್ನೆಯೇ ಬರೆದಿಟ್ಟಿದ್ದೆ, ತಾರೀಖು ಮಾತ್ರ ಇವತ್ತು ಹಾಕಿದೆ. ನಿನ್ನೆ ಅಮ್ಮ ನನ್ನನ್ನು ಆ ಮನೆ ತೋರಿಸಲು ಕರೆದುಕೊಂಡು ಹೋದಳು. ಅಲ್ಲಿನ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ, ಒಳ್ಳೆಯ ಹೆಂಗಸು, ನಗುನಗುತ್ತ ಕೋಣೆ ತೋರಿಸಿದರು. ಸಾಲಾಗಿ ಮಂಚಗಳು. ಕಿಟಕಿಯ ಪಕ್ಕದ್ದನ್ನು ತಟ್ಟಿ, "ಇದು ನಿಮ್ಮಣ್ಣನದು. ನಿಮ್ಮಪ್ಪನೇ ಆರಿಸಿದ್ದು, ಹೋದ ರಜೇಲಿ ಬಂದಿದ್ರಲ್ಲ, ಆವಾಗ. ಮಂಚದ ಮೇಲೆ ಕೂತು, ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆ ಅಂದ್ರು" ಅಂದರು. ಅಮ್ಮ ನೆಲ ನೋಡುತ್ತಿದ್ದಳು. ಅವಳನ್ನು ಕೇಳುವ ಬದಲು ನಿನ್ನನ್ನೇ ಕೇಳುತ್ತಿದ್ದೇನೆ.

ನೀನು ಹೋದ ರಜೆಗೆ ಬಂದಾಗ ಬಸ್ಸುಗಳಿಗೆ ನಂಬರೇ ಇತ್ತು ಅಪ್ಪಾ. ಅಣ್ಣ ದಿನಾ ಹೋಗಿ ಬರುತ್ತಿದ್ದ. ಎಲ್ಲವೂ ಸರಿಯಾಗಿತ್ತು.

ನನ್ನನ್ನು ಕಳಿಸುವ ಮೊದಲೂ ನೀನು ಹೋಗಿ ಮಂಚ ನೋಡಿದ್ದೆಯಾ? ನನ್ನದು ಬಾಗಿಲ ಪಕ್ಕ ಇತ್ತು.

ಆ ದೊಡ್ಡಮ್ಮ ಬೇರೆ ಯಾರನ್ನೋ ನೋಡಿ ನೀನೇ ಅಂತ ತಿಳಿದುಕೊಂಡಿರಬಹುದು. ಹೌದೋ ಅಲ್ಲವೋ, ಅಷ್ಟು ಬರೆದರೆ ಸಾಕು. ಬೇಗ ಉತ್ತರ ಬರಿ.